ಮಾಡಿಸಿಕೊಂಡಳೋ, ಮಾಡಿಸಿದರೋ?

ನಮ್ಮ ಮಲೆನಾಡಿನ ಹೊಸನಗರದ ಕಡೆ ಎರಡನೇ ಬಾಣಂತನ ಮುಗಿಸಿ ತವರಿನಿಂದ ಬಂದ ಹೆಣ್ಣುಮಗಳಿಗೆ ಮೊದಲ ಮದುವೆಮನೆಯಲ್ಲೇ ಒಂದು ಪ್ರಶ್ನೆ ಕಾದಿರುತ್ತದೆ. ‘ಆಪರೇಷನ್ ಆಯ್ತಾ?’ ಯಾವ ಆಪರೇಷನ್ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೃದಯದ್ದಾದರೆ ಹಾರ್ಟ್ ಆಪರೇಷನ್ ಅನ್ನುತ್ತೇವೆ. ಕಣ್ಣಿನದಾದರೆ ಪೊರೆ ತೆಗೆಸಿದ್ದು ಅನ್ನುತ್ತೇವೆ. ಬರೀ ಆಪರೇಷನ್ ಅಂದರೆ ಮುಂದೆ ಮಕ್ಕಳಾಗದ ಹಾಗೆ ಮಾಡಿಸುವುದು, ಅದೂ ಹೆಂಗಸಿಗೆ. ಎದುರು ಪಂಕ್ತಿಯಲ್ಲಿ ಕೂತು ಪಾಯಸ ಸುರಿಯುತ್ತಿರುವ ಅವಳ ಗಂಡನನ್ನು ಯಾರಾದರೂ ಹಾಗೆ ವಿಚಾರಿಸಿದ್ದನ್ನು ನಾನು ಈ ಐವತ್ತು ವರ್ಷದಲ್ಲಿ ಕೇಳಿಲ್ಲ.

ಉತ್ತರವೂ ಬಾಯಲ್ಲೇ ಇರುತ್ತದೆ. ‘ಹ್ಞೂಂ, ಮಾಡಿಸ್ಕೊಂಡೆ.’ ಕನ್ನಡದ ಈ ಕ್ರಿಯಾಪದ ಭಾರಿ ಚಾಲಾಕಿ. ಮಾಡಿಸಿಕೊಂಡೆ ಅಂದ ಕೂಡಲೇ ಎಲ್ಲವೂ ಅವಳ ಇಷ್ಟ, ಅವಳ ತೀರ್ಮಾನ ಎಂಬಂತೆ ಕೇಳುತ್ತದೆ. ಸ್ವಲ್ಪ ಹೊತ್ತು ಜೊತೆಗೆ ಕೂತು ಮಾತಾಡಿದರೆ ಕಥೆ ಬೇರೆ. ಅತ್ತೆ ಎರಡು ಸಾಕು ಅಂದರು. ಗಂಡ ‘ನಿಂಗೇ ಆಗ್ಲಿ’ ಅಂದ. ಹೇಗೂ ಸಿಸೇರಿಯನ್ ಮಾಡ್ತೀವಲ್ಲ, ಅದರ ಜೊತೆಗೇ ಮುಗಿಸಿಬಿಡೋಣ ಅಂತ ಡಾಕ್ಟರು ಹೇಳಿದರು. ಆಶಾ ಕಾರ್ಯಕರ್ತೆ ಮೂರು ಸಲ ಮನೆಗೆ ಬಂದು ಹೋಗಿದ್ದಳು. ಇಷ್ಟು ಜನ ಸೇರಿ ಮಾಡಿಸಿದ್ದು ಕೊನೆಗೆ ಒಬ್ಬಳ ಬಾಯಲ್ಲಿ ‘ಮಾಡಿಸ್ಕೊಂಡೆ’ ಆಗುತ್ತದೆ.

ಜನಸಂಖ್ಯೆ ಬಗ್ಗೆ ಈಗ ಮತ್ತೆ ಜೋರು ಮಾತು ಶುರುವಾಗಿದೆ. ಹಾಗಾಗಿ ಈ ಎರಡು ಪದಗಳ ನಡುವಿನ ಸಂದಿಯನ್ನು ಬಗ್ಗಿ ನೋಡಬೇಕು ಅನ್ನಿಸಿತು. ಜನಸಂಖ್ಯೆಯ ಲೆಕ್ಕ ಹಾಕುವವರು ಎಷ್ಟು ಮಕ್ಕಳು ಎಂದು ಕೇಳುತ್ತಾರೆ. ಹೆರಿಗೆ, ಹೆಣ್ಣು, ಸರ್ಕಾರ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಸಮಾಜಶಾಸ್ತ್ರಜ್ಞರು ಇನ್ನೂ ಎರಡು ಪ್ರಶ್ನೆ ಸೇರಿಸುತ್ತಾರೆ. ಬೇಕು, ಬೇಡ ಎಂದು ತೀರ್ಮಾನಿಸಿದ್ದು ಯಾರು? ಮೈ ಒಡ್ಡಿದ್ದು ಯಾರು?

ಎರಡನೆಯದಕ್ಕೆ ಉತ್ತರ ಅಂಕಿಯಲ್ಲೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ. 57.4 ಮಂದಿಗೆ ಆಪರೇಷನ್ ಆಗಿದೆ. 2015–16ರ ಸಮೀಕ್ಷೆಯಲ್ಲಿ ಇದು 48.6 ಇತ್ತು. ಇಳಿಯಬಹುದು ಅಂದುಕೊಂಡಿದ್ದು ಏರಿದೆ. ಇಡೀ ದೇಶದ ಲೆಕ್ಕ 37.9. ಗಂಡಸರ ಆಪರೇಷನ್‌ನ ಸಾಲಿಗೆ ಬಂದರೆ ದೇಶಕ್ಕೆ 0.3, ಕರ್ನಾಟಕಕ್ಕೆ 0.0. ಸೊನ್ನೆಯ ಮುಂದೆ ಚುಕ್ಕಿ, ಮುಂದೆ ಮತ್ತೆ ಸೊನ್ನೆ. ಅಂದರೆ ಎರಡು ಸಾವಿರ ದಂಪತಿಗಳಲ್ಲಿ ಒಬ್ಬ ಗಂಡಸೂ ಸಿಗುವುದಿಲ್ಲ ಎಂದಾಯಿತು.

ಬೇರೆ ದಾರಿ ಇಲ್ಲ ಅಂತಲ್ಲ. ಪಿಎಚ್‌ಸಿಯಲ್ಲಿ ನಿರೋಧ್ ಇದೆ, ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ವಂಕಿ ಇದೆ. 2017ರಿಂದ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಬಂದಿದೆ. ಆದರೆ ನಮ್ಮಲ್ಲಿ ಕುಟುಂಬ ಯೋಜನೆ ಅಂದರೆ ಅಲ್ಪವಿರಾಮ ಇಲ್ಲದ ವಾಕ್ಯ, ನೇರ ಪೂರ್ಣವಿರಾಮ. ಇಪ್ಪತ್ತಕ್ಕೆ ಮದುವೆ, ಇಪ್ಪತ್ನಾಲ್ಕರೊಳಗೆ ಎರಡು ಮಕ್ಕಳು, ಅಲ್ಲಿಗೆ ಆಪರೇಷನ್. ದೇಶದಲ್ಲಿ ಆಪರೇಷನ್ ಆದ ಹೆಂಗಸರಲ್ಲಿ ಅರ್ಧಕ್ಕರ್ಧ ಜನಕ್ಕೆ 26 ತುಂಬುವುದರೊಳಗೆ ಅದು ಆಗಿರುತ್ತದೆ ಎಂದು 2015–16ರ ಸಮೀಕ್ಷೆ ಹೇಳುತ್ತದೆ.

ಇದನ್ನು ಬರೀ ದಬ್ಬಾಳಿಕೆ ಎಂದು ಬರೆದರೂ ತಪ್ಪಾಗುತ್ತದೆ. ನಮ್ಮ ಪಕ್ಕದ ಮನೆಯ ಅತ್ತೆಯೊಬ್ಬರು, ಈಗ ಅವರಿಗೆ ಎಪ್ಪತ್ತರ ಹತ್ತಿರ, ‘ಆಪರೇಷನ್ ಆದ್ಮೇಲೇ ಮಾರಾಯ, ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು’ ಅಂದಿದ್ದರು. ಪ್ರತಿ ತಿಂಗಳೂ ದಿನ ಎಣಿಸುವ ಹೆದರಿಕೆ ಹೋಗಿತ್ತು. ಗಂಡನ ಜೊತೆ ದಿನಾ ಮಾತುಕತೆ ಮಾಡಿ ಒಪ್ಪಿಸಬೇಕಾದ ಯಾವ ಉಪಾಯವೂ ಅವರ ಕೈಲಿರಲಿಲ್ಲ. ಒಂದೇ ಸಲ ಮಾಡಿಸಿಕೊಂಡರೆ ಮುಗಿಯುವಂಥದ್ದು ಇದೊಂದೇ. ಹೀಗೆ ನೋಡಿದರೆ ಅವರು ನಿಜಕ್ಕೂ ಮಾಡಿಸಿಕೊಂಡರು. ಅವರ ಮುಂದೆ ಇದ್ದ ಬಾಗಿಲು ಮಾತ್ರ ಒಂದೇ ಇತ್ತು.

ಗಂಡಸರು ಯಾಕಿಲ್ಲ ಅಂತ ಕೇಳಿದರೆ ಮಲೆನಾಡಿನಲ್ಲಿ ಬರುವ ಉತ್ತರ ಒಂದೇ: ಅವರು ದುಡಿಯಬೇಕಲ್ಲ. ಅಡಿಕೆ ಮರ ಹತ್ತುವ ಕೊನೆಗೌಡ ಆಪರೇಷನ್ ಮಾಡಿಸಿಕೊಂಡು ಬಲ ಕಳಕೊಂಡರೆ ಗತಿ ಏನು? ವೈದ್ಯಕೀಯವಾಗಿ ಇದು ತಲೆಕೆಳಗು. ಗಂಡಸಿನದು ಚರ್ಮದ ಕೆಳಗಿನ ನಳಿಕೆಯ ಸಣ್ಣ ಕೆಲಸ. ಆ ಜಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಡುತ್ತಾರೆ, ಅದೇ ದಿನ ಮನೆಗೆ ಬರಬಹುದು. ಚೀನಾದಲ್ಲಿ ಕಂಡುಹಿಡಿದ ಹೊಸ ವಿಧಾನದಲ್ಲಿ ಕತ್ತಿಯೂ ಬೇಡ, ಹೊಲಿಗೆಯೂ ಬೇಡ. ಮೊದಲ ಮೂರು ತಿಂಗಳು ಬೇರೆ ಎಚ್ಚರಿಕೆ ಇಟ್ಟುಕೊಂಡರೆ ಸಾಕು. ಗಂಡಸುತನಕ್ಕೂ ಬಲಕ್ಕೂ ಏನೂ ಆಗುವುದಿಲ್ಲ. ಹೆಂಗಸಿನದಕ್ಕೆ ಹೊಟ್ಟೆಯೊಳಗೇ ಹೋಗಬೇಕು. ಸರ್ಕಾರ ಕೊಡುವ ಪ್ರೋತ್ಸಾಹಧನವೂ ಗಂಡಸಿಗೇ ಜಾಸ್ತಿ. ಆದರೂ ಯಾರೂ ಬರುವುದಿಲ್ಲ.

ದುಡಿಯಬೇಕಲ್ಲ ಅನ್ನುವಾಗ ಅವಳು ದುಡಿಯುವುದಿಲ್ಲವೇ ಎಂಬ ಪ್ರಶ್ನೆ ಯಾಕೋ ಏಳುವುದಿಲ್ಲ. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವವರು ಯಾರು? ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಮೈಯಲ್ಲಿ ಬಗ್ಗಿ ನಾಟಿ ನೆಡುವವರು ಯಾರು? ಹೆಂಗಸರ ದುಡಿಮೆ ದುಡಿಮೆಯ ಲೆಕ್ಕಕ್ಕೇ ಬರದಿದ್ದಾಗ ಅವರ ಮೈಗೆ ರಜೆ ಬೇಕು ಎಂಬುದೂ ತಲೆಗೆ ಹೊಳೆಯುವುದಿಲ್ಲ. ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನಮ್ಮ ಮನೆಯಲ್ಲೂ ಮಾಡಿಸಿಕೊಂಡಿದ್ದು ನನ್ನ ಹೆಂಡತಿಯೇ. ನಾನು ಆಗ ಎರಡು ಡಿಗ್ರಿ ಮುಗಿಸಿದ್ದೆ, ಭಾಷಣ ಬಿಗಿಯುತ್ತಿದ್ದೆ. ಈ ವಿಷಯ ನಮ್ಮಿಬ್ಬರ ನಡುವೆ ಚರ್ಚೆಗೇ ಬಂದಿರಲಿಲ್ಲ. ಬಂದು ನಾನು ಬೇಡ ಅಂದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಈ ಆಪರೇಷನ್‌ಗೆ ಗಂಡನ ಒಪ್ಪಿಗೆಯ ಸಹಿ ಬೇಕು ಎಂದು ಸರ್ಕಾರದ ನಿಯಮ ಹೇಳುವುದಿಲ್ಲ. ಅವಳ ಸಹಿ ಸಾಕು. ವ್ಯವಹಾರದಲ್ಲಿ ಮಾತ್ರ ಗಂಡ ಬರಲಿಲ್ವಾ, ಸಹಿ ಯಾರು ಹಾಕ್ತಾರೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ಬೇಡ ಎಂದು ತಡೆಯುವ ಹಕ್ಕು ಅವನದು, ಮಲಗುವ ಮಂಚ ಅವಳದು.

ಹೆಂಗಸೇ ಮಾಡಿಸಿಕೊಳ್ಳುವುದು ನಮ್ಮ ಹಳೇ ಪದ್ಧತಿ ಎಂದು ತಿಳಿದವರಿದ್ದಾರೆ. ಹಳೇದೇನಲ್ಲ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂನಲ್ಲಿ ನಡೆದ ಒಂದು ಕ್ಯಾಂಪಿನಲ್ಲಿ ಸುಮಾರು 63 ಸಾವಿರ ಗಂಡಸರಿಗೆ ಆಪರೇಷನ್ ಆಗಿತ್ತು. ಆಗ ದೇಶದ ಕಾರ್ಯಕ್ರಮವೇ ಮುಖ್ಯವಾಗಿ ಗಂಡಸರದು. ಆಮೇಲೆ ತುರ್ತುಪರಿಸ್ಥಿತಿ ಬಂತು. 1976–77ರ ಒಂದೇ ವರ್ಷದಲ್ಲಿ ಸುಮಾರು 83 ಲಕ್ಷ ಆಪರೇಷನ್. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಗಂಡಸರು. ಮೇಷ್ಟ್ರುಗಳಿಗೂ ಗುಮಾಸ್ತರಿಗೂ ಇಷ್ಟು ‘ಕೇಸ್’ ತರಬೇಕೆಂದು ಗುರಿ ಕೊಟ್ಟಿದ್ದರು. ಉತ್ತರ ಭಾರತದಲ್ಲಂತೂ ಬಲವಂತಕ್ಕೆ ಮಿತಿಯೇ ಇರಲಿಲ್ಲ. 1977ರ ಚುನಾವಣೆಯಲ್ಲಿ ಅಲ್ಲಿಯ ಜನ ಸರ್ಕಾರವನ್ನೇ ಕಿತ್ತೆಸೆದರು. ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ಸೋತರು. ಮರುವರ್ಷ ಅವರನ್ನು ಗೆಲ್ಲಿಸಿ ಲೋಕಸಭೆಗೆ ಕಳಿಸಿದ್ದು ನಮ್ಮ ಮಲೆನಾಡಿನ ಚಿಕ್ಕಮಗಳೂರು ಎಂಬುದು ಬೇರೆ ಮಾತು.

ಆ ಸೋಲಿನಿಂದ ರಾಜಕಾರಣಿಗಳು ಕಲಿತ ಪಾಠ ವಿಚಿತ್ರ. ಬಲವಂತ ತಪ್ಪು ಅಂತ ಕಲಿಯಬೇಕಿತ್ತು. ಅವರು ಕಲಿತಿದ್ದು, ಗಂಡಸಿನ ಮೈ ಮುಟ್ಟಿದರೆ ಸರ್ಕಾರ ಬೀಳುತ್ತದೆ ಅಂತ. ಇಲಾಖೆಯ ಹೆಸರು ಕುಟುಂಬ ಯೋಜನೆಯಿಂದ ಕುಟುಂಬ ಕಲ್ಯಾಣ ಆಯಿತು. ಅದೇ ಹೊತ್ತಿಗೆ ಲ್ಯಾಪ್ರೋಸ್ಕೋಪಿ ಬಂತು. ಸಣ್ಣ ತೂತು, ಸ್ವಲ್ಪ ಹೊತ್ತು, ಒಂದೇ ದಿನ ಹತ್ತಾರು ಜನ. ಕ್ಯಾಂಪುಗಳು ಮತ್ತೆ ಶುರುವಾದವು, ಈ ಸಲ ಹೆಂಗಸರಿಗೆ. ಹೆಂಗಸರು ಗಲಾಟೆ ಮಾಡಲಿಲ್ಲ, ಸರ್ಕಾರವೂ ಬೀಳಲಿಲ್ಲ. ಇವತ್ತಿನ 57.4 ಮತ್ತು 0.0ರ ಬೇರು ಇಲ್ಲಿದೆ. ನಮ್ಮ ಸಂಸ್ಕೃತಿಯ ಮೇಲೆ ಎಲ್ಲವನ್ನೂ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ರಾಜಕೀಯದ ಲೆಕ್ಕಾಚಾರವೇ ಮನೆಯ ರೂಢಿಯಾಗಿ ಕೂತಿದೆ.

2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್‌ಪುರದ ಹತ್ತಿರ ಒಂದೇ ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಅವರಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಮೂರು ವರ್ಷದೊಳಗೆ ಇಂಥ ಕ್ಯಾಂಪುಗಳನ್ನೇ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಬೇಕಾಯಿತು. ಅಲ್ಲಿ 83 ಲಕ್ಷ, ಇಲ್ಲಿ 83. ಒಂದು ಚುನಾವಣೆಯನ್ನೇ ತಿರುಗಿಸಿತು, ಇನ್ನೊಂದು ನಾಲ್ಕು ದಿನದ ಸುದ್ದಿಯಾಯಿತು.

ಈ ಚರಿತ್ರೆಗೆ ನಮ್ಮ ನಾಡಿನದೇ ಒಂದು ಮುನ್ನುಡಿ ಇದೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಜಗತ್ತಿನಲ್ಲೇ ಸರ್ಕಾರವೊಂದು ಹಾಗೆ ಮಾಡಿದ್ದು ಅದೇ ಮೊದಲು ಅನ್ನುತ್ತಾರೆ. ಅದೇ ಸಂಸ್ಥಾನಕ್ಕೆ ಮಲೆನಾಡಿನ ಚಿಂತೆ ತದ್ವಿರುದ್ಧವಾಗಿತ್ತು. ಇಲ್ಲಿ ಚಳಿಜ್ವರಕ್ಕೆ ಜನ ಸಾಯುತ್ತಿದ್ದರು, ಊರು ಹಾಳು ಬೀಳುತ್ತಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಲೆನಾಡಿನ ಸುಧಾರಣೆಗೆ ಅಂತಲೇ ಯೋಜನೆ ಮಾಡಿದ್ದರು. ಒಂದೇ ರಾಜ್ಯದ ಒಂದು ಮೂಲೆಯಲ್ಲಿ ಜನ ಜಾಸ್ತಿ, ಇನ್ನೊಂದು ಮೂಲೆಯಲ್ಲಿ ಕಡಿಮೆ!

ರಾಮನಗರದ ಮಣಿಸರದ ಕಥೆಯಂತೂ ಕೇಳಲೇಬೇಕು. ಸ್ವತಂತ್ರ ಭಾರತ ಕುಟುಂಬ ಯೋಜನೆ ಶುರು ಮಾಡಿದ್ದು 1952ರಲ್ಲಿ. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧಿಯವರ ಶಿಷ್ಯೆ. ಉಪಕರಣ, ಔಷಧಿ ಬೇಡ, ಸಂಯಮ ಇರಲಿ ಎಂಬ ಕಡೆಯವರು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಸಹಾಯದಿಂದ ರಾಮನಗರದಲ್ಲಿ ‘ಸುರಕ್ಷಿತ ದಿನ’ ಎಣಿಸುವ ಪ್ರಯೋಗ ನಡೆಯಿತು. ಓದು ಬರದ ಹೆಂಗಸರಿಗೆ ದಿನ ಗುರುತಿಸಲು ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣ ಬಂದರೆ ಸೇರಬಹುದು, ಇನ್ನೊಂದಾದರೆ ಸೇರಬಾರದು. ಪ್ರಯೋಗ ಸೋತಿತು. ಹೆಂಗಸರಿಗೆ ಅರ್ಥವಾಗಲಿಲ್ಲ ಎಂದು ನಗುತ್ತಾ ಹೇಳುವವರಿದ್ದಾರೆ. ನನಗೆ ಕಾಣುವುದು ಇಷ್ಟು: ಸರ ಅವಳ ಕೊರಳಲ್ಲಿತ್ತು, ಇವತ್ತು ಬೇಡ ಅನ್ನುವ ಮಾತು ಅವಳ ಕೈಲಿರಲಿಲ್ಲ. ಮಣಿ ಯಾವ ಬಣ್ಣ ಅಂತ ನೋಡಿ ಸುಮ್ಮನಿರಬೇಕಾದವನಿಗೆ ಸರ್ಕಾರ ಏನನ್ನೂ ಕೊಟ್ಟಿರಲಿಲ್ಲ.

ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಮಕ್ಕಳು ಜಾಸ್ತಿ ಎಂಬ ಮಾತನ್ನು ಸಮಾಜಶಾಸ್ತ್ರ ಒಪ್ಪದೆ ಬಹಳ ಕಾಲವಾಯಿತು. ದೆಹಲಿ ವಿಶ್ವವಿದ್ಯಾಲಯದ ತುಳಸಿ ಪಟೇಲ್ ರಾಜಸ್ಥಾನದ ಒಂದು ಹಳ್ಳಿಯಲ್ಲಿದ್ದು ಇದನ್ನೇ ಅಧ್ಯಯನ ಮಾಡಿದರು. ಎಷ್ಟು ಹೆರಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಮನೆಯೊಳಗಿನ ಸ್ಥಾನಮಾನಕ್ಕೆ, ಅತ್ತೆ ಸೊಸೆ ನಂಟಿಗೆ, ವಯಸ್ಸಿಗೆ ಅಂಟಿಕೊಂಡ ಸಂಗತಿ. ಸೊಸೆ ಹೆರಲು ಶುರುವಾದ ಮೇಲೆ ಅತ್ತೆ ಹೆರುವುದು ನಾಚಿಕೆ. ನಮ್ಮಲ್ಲೂ ಅಜ್ಜಿಯಂದಿರ ಕಾಲಕ್ಕೆ ತಾಯಿಯೂ ಮಗಳೂ ಒಂದೇ ಮಳೆಗಾಲದಲ್ಲಿ ಬಾಣಂತಿಯರಾದದ್ದಿದೆ. ನಮ್ಮಮ್ಮನ ಸೋದರಮಾವ ಒಬ್ಬರು ಅವಳಿಗಿಂತ ಎರಡು ವರ್ಷ ಚಿಕ್ಕವರು. ಆ ಮೇಲೆ ಅದು ಆಡಿಕೊಂಡು ನಗುವ ವಿಷಯವಾಯಿತು. ಆ ನಗೆ ಹಳ್ಳಿಯ ಹೆಂಗಸರೇ ಮಾಡಿಕೊಂಡ ಕುಟುಂಬ ಯೋಜನೆ.

ಜನಸಂಖ್ಯೆಯ ಅಧ್ಯಯನ ಮಾಡುವ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಪಿ.ಎಚ್. ರೆಡ್ಡಿ 1979ರಿಂದ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಓಡಾಡಿ ಕಂಡಿದ್ದೂ ಇಂಥದ್ದೇ. ಮಕ್ಕಳು ಗದ್ದೆಗೆ ಹೋಗುವ ಕೈಗಳಾಗಿದ್ದಾಗ ಹೆಚ್ಚು ಬೇಕಿತ್ತು. ಶಾಲೆಗೆ ಹೋಗುವ ಹೊಟ್ಟೆಗಳಾದಾಗ ಕಡಿಮೆ ಸಾಕೆನಿಸಿತು. ಪೋಸ್ಟರಿಗಿಂತ ಮೇಷ್ಟ್ರ ಫೀಸು ಜಾಸ್ತಿ ಕೆಲಸ ಮಾಡಿತು.

ಪೋಸ್ಟರು ಅಂದಾಗ ನೆನಪಾಯಿತು. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕ ‘ನಾವಿಬ್ಬರು, ನಮಗಿಬ್ಬರು’ ಎಂದು ಶಾಲೆ ಗೋಡೆಯ ಮೇಲೆ ಬರೆದಿರುತ್ತಿತ್ತು. ಜನ ಅದನ್ನು ತಮ್ಮದೇ ಭಾಷೆಗೆ ತಿರುಗಿಸಿಕೊಂಡರು: ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ. ಎಷ್ಟು ಚಂದ ಇದೆ ಅಲ್ವಾ ಕೇಳಕ್ಕೆ! ಆರತಿ ಹಿಡಿದು ನಿಲ್ಲುವವಳು ಅವಳು, ಹೆಸರು ಉಳಿಸುವವನು ಅವನು. ಎರಡೂ ಕೀರ್ತಿಯಾದರೆ ಅಲ್ಲಿಗೆ ಆಪರೇಷನ್. ಎರಡೂ ಆರತಿಯಾದರೆ ‘ಇನ್ನೊಂದು ನೋಡೋಣ’. ಆ ಇನ್ನೊಂದು ನೋಡುವ ಮೈ ಯಾರದು ಅಂತ ಮತ್ತೆ ಹೇಳಬೇಕಾಗಿಲ್ಲ.

ಈಗ ಗಾಳಿ ತಿರುಗಿದೆ. 2019ರ ಸ್ವಾತಂತ್ರ್ಯ ದಿನ ಕೆಂಪುಕೋಟೆಯಿಂದ ಜನಸಂಖ್ಯಾ ಸ್ಫೋಟದ ಮಾತು ಬಂದಿತ್ತು, ಸಣ್ಣ ಕುಟುಂಬವೇ ದೇಶಭಕ್ತಿ ಅಂತ. ಐದು ವರ್ಷಕ್ಕೆ, 2024ರಲ್ಲಿ, ಆಂಧ್ರದ ಚಂದ್ರಬಾಬು ನಾಯ್ಡು, ತಮಿಳುನಾಡಿನ ಸ್ಟಾಲಿನ್ ಜಾಸ್ತಿ ಮಕ್ಕಳ ಮಾತಾಡಿದರು. ಮೋಹನ್ ಭಾಗವತ್ ಕೂಡ ಎರಡಕ್ಕಿಂತ ಜಾಸ್ತಿ ಬೇಕು ಅಂದರು. ಕಾರಣ ಬೇರೆ ಬೇರೆ. ದಕ್ಷಿಣದವರ ಹೆದರಿಕೆಗೆ ಆಧಾರ ಇದೆ. ಲೋಕಸಭೆಯ ಸೀಟುಗಳ ಹಂಚಿಕೆ 1971ರ ಜನಗಣತಿಯ ಮೇಲೆ ನಿಂತಿದೆ. 1976ರಲ್ಲಿ ತಡೆಹಿಡಿದದ್ದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿದ್ದರು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅನ್ನು ಆಧಾರ ದಿನವಾಗಿ ಗೊತ್ತುಮಾಡಿದ್ದಾರೆ. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ ಒಬ್ಬ ಹೆಂಗಸಿಗೆ 1.7 ಮಕ್ಕಳು, ಬಿಹಾರದ್ದು 3. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ತಲೆ ಎಣಿಸಿ ಸೀಟು ಹಂಚಿದರೆ ಹೇಳಿದ ಮಾತು ಕೇಳಿದವರಿಗೇ ನಷ್ಟ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚಹಾ ಕುಡಿಯುತ್ತಾ ಇದೇ ಮಾತು ಇನ್ನೊಂದು ದಾರಿ ಹಿಡಿಯುತ್ತದೆ. ‘ಅವರದ್ದು’ ಜಾಸ್ತಿ ಆಗ್ತಿದೆ ಅಂತ. ಅಂಕಿ ಇಷ್ಟೇ: 1992–93ರಲ್ಲಿ ದೇಶದ ಮುಸ್ಲಿಂ ಹೆಂಗಸರ ಸರಾಸರಿ 4.4 ಮಕ್ಕಳು, 2019–21ರಲ್ಲಿ 2.36. ಹಿಂದೂಗಳದ್ದು 3.3ರಿಂದ 1.94. ಇಬ್ಬರದೂ ಇಳಿದಿದೆ, ಮುಸ್ಲಿಮರದ್ದು ಇನ್ನೂ ಜೋರಾಗಿ ಇಳಿದಿದೆ. ಇದಕ್ಕಿಂತ ಜಾಸ್ತಿ ಜಾಗ ಆ ವಾದಕ್ಕೆ ಕೊಡಬೇಕಾಗಿಲ್ಲ.

ಮಲೆನಾಡಿಗೆ ಜನ ಕಡಿಮೆಯಾಗುವುದು ಹೊಸ ಸುದ್ದಿಯಲ್ಲ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11,40,905 ಇದ್ದದ್ದು 2011ಕ್ಕೆ 11,37,961ಕ್ಕೆ ಇಳಿದಿತ್ತು. ರಾಜ್ಯ ಶೇ. 15.6ರಷ್ಟು ಬೆಳೆದ ಹತ್ತು ವರ್ಷದಲ್ಲಿ ಶಿವಮೊಗ್ಗ ಬೆಳೆದದ್ದು ಏಳಕ್ಕೂ ಕಡಿಮೆ, ಕೊಡಗು ಒಂದು ಚಿಲ್ಲರೆ. ಹುಟ್ಟುವುದು ಕಡಿಮೆಯಾದದ್ದು ಒಂದು ಕಾರಣ, ಬೆಂಗಳೂರಿನ ರಾತ್ರಿ ಬಸ್ಸು ಇನ್ನೊಂದು. ಮಕ್ಕಳಿಲ್ಲದೆ ಬಾಗಿಲು ಹಾಕಿದ ಶಾಲೆಗಳನ್ನು ನಮ್ಮ ಹೋಬಳಿಯಲ್ಲೇ ತೋರಿಸಬಲ್ಲೆ.

ಇದರ ಜೊತೆಗೇ ಬರುವ ಗೋಳು, ತೋಟದ ಗಂಡಿಗೆ ಹೆಣ್ಣಿಲ್ಲ ಎಂಬುದು. 2023ರಲ್ಲಿ ಮಂಡ್ಯ ಕಡೆಯ ರೈತ ಹುಡುಗರು ಮದುವೆಯಾಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಮಲೆನಾಡಲ್ಲಿ ಪಾದಯಾತ್ರೆ ಮಾಡಿಲ್ಲ, ದಲ್ಲಾಳಿಗಳನ್ನು ಹಿಡಿದು ದೂರದ ರಾಜ್ಯಗಳಿಂದ ಹೆಣ್ಣು ತಂದ ಮನೆಗಳಿವೆ. ಆದರೆ ಹೆಣ್ಣಿಲ್ಲ ಎಂಬ ಮಾತನ್ನು ಸ್ವಲ್ಪ ತೂಗಿ ನೋಡಿ. 2011ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 998 ಹೆಂಗಸರಿದ್ದರು. ಚಿಕ್ಕಮಗಳೂರಿನಲ್ಲಿ ಹೆಂಗಸರೇ ಜಾಸ್ತಿ, 1008. ಹೆಣ್ಣುಮಕ್ಕಳು ಹುಟ್ಟಿದ್ದಾರೆ, ಓದಿದ್ದಾರೆ, ತೋಟದ ಮನೆ ಬೇಡ ಅಂದಿದ್ದಾರೆ, ಅಷ್ಟೇ. ಚಳಿಜ್ವರದ ಕಾಲದಲ್ಲಿ ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡಲು ಹೆದರುತ್ತಿದ್ದರಂತೆ, ಅಜ್ಜಿ ಹೇಳುತ್ತಿದ್ದರು. ಆಗ ಕೊಡುವ ಅಪ್ಪ ಬೇಡ ಅನ್ನುತ್ತಿದ್ದ. ಈಗ ಹುಡುಗಿಯೇ ಅನ್ನುತ್ತಾಳೆ. ನನ್ನ ಪ್ರಕಾರ ಈ ನೂರು ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಇದು. ಇದನ್ನು ನಾವು ಬರೀ ಸಮಸ್ಯೆಯ ಪಟ್ಟಿಯಲ್ಲಿ ಬರೆದಿಟ್ಟಿದ್ದೇವೆ.

ಅವಳು ಯಾಕೆ ಬೇಡ ಅನ್ನುತ್ತಾಳೆ ಎಂಬುದಕ್ಕೂ ಒಂದು ಅಂಕಿ ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88. ಮಕ್ಕಳು, ಮುದುಕರನ್ನು ನೋಡಿಕೊಳ್ಳುವುದು ಬೇರೆ ಲೆಕ್ಕ, ಅದರಲ್ಲೂ ಅವಳದೇ ಜಾಸ್ತಿ. ಮೂರು ಮಕ್ಕಳು ಹೆರಿ ಎಂದು ವೇದಿಕೆಯಿಂದ ಹೇಳುವವರು ಈ 289ರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಮಧ್ಯಾಹ್ನ ಮಗು ಬಿಟ್ಟು ಕೆಲಸಕ್ಕೆ ಹೋಗಲು ಜಾಗ ಎಲ್ಲಿದೆ, ಹೆರಿಗೆಯ ನಂತರ ಕೆಲಸ ಉಳಿಯುತ್ತದಾ, ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದರೆ ಹೊಸನಗರದ ಒಳ ಹಳ್ಳಿಯಿಂದ ಶಿವಮೊಗ್ಗ ಎಷ್ಟು ದೂರ, ಇದೆಲ್ಲ ಜನಸಂಖ್ಯಾ ನೀತಿಯೊಳಗೆ ಬರಬೇಕಾದ ಮಾತು.

ಮೊನ್ನೆ ನಮ್ಮೂರಿನ ಆಶಾ ಕಾರ್ಯಕರ್ತೆ ಮನೆ ಕಡೆ ಬಂದಿದ್ದಳು. ಕೈಯಲ್ಲಿ ‘ಅರ್ಹ ದಂಪತಿ’ಗಳ, ಅಂದರೆ ಮಕ್ಕಳಾಗುವ ವಯಸ್ಸಿನ ಗಂಡಹೆಂಡಿರ, ರಿಜಿಸ್ಟರು, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಸುತ್ತಿದ್ದಳು. ಟಾರ್ಗೆಟ್ ಎಂಬುದನ್ನು ಸರ್ಕಾರ 1996ರಲ್ಲೇ ತೆಗೆದುಹಾಕಿದೆ ಗೊತ್ತಾ ಅಂತ ಕೇಳಿದೆ. ಬೇರೆ ಹೆಸರಲ್ಲಿ ಇದೆಯಲ್ಲ ಅಣ್ಣಾ, ವರ್ಷಕ್ಕೆ ಇಷ್ಟು ಅಂತ ಮೀಟಿಂಗಲ್ಲಿ ಕೇಳ್ತಾರೆ ಅಂದಳು. ಜಾಸ್ತಿ ಹೆರಿ ಅಂತ ಈಗ ದೊಡ್ಡವರು ಹೇಳ್ತಿದ್ದಾರಲ್ಲ, ಏನು ಮಾಡ್ತೀಯ ಅಂದೆ. ನಕ್ಕಳು.

‘ನಾಳೆ ಮೂರನೇದು ಮಾಡ್ಸಿ ಅಂತ ಆರ್ಡರ್ ಬಂದ್ರೂ ಇದೇ ಬುಕ್ಕು ಹಿಡ್ಕೊಂಡು ನಾನೇ ಹೋಗ್ಬೇಕು. ಹೋಗೋದು ಅಡುಗೆಮನೆ ಬಾಗಿಲಿಗೇ. ಜಗಲಿ ಮೇಲೆ ಕೂತೋರ ಹತ್ರ ಈ ವಿಷ್ಯ ತೆಗೆದ್ರೆ ಪೇಪರ್ ಅಡ್ಡ ಹಿಡೀತಾರೆ.’

ನಾನು ಜಗಲಿಯ ಮೇಲೇ ಕೂತಿದ್ದೆ. ಪೇಪರು ಪಕ್ಕದಲ್ಲಿತ್ತು.